ಗುಂಡು ಟ್ಯಾಂಕಿನ ಕಾಲು ಭಾಗ

ನಮ್ಮೂರಿನ ನೀರಿನ ಟ್ಯಾಂಕು ಚೆಂಡಿನ ಹಾಗೆ ಗುಂಡಗಿದೆ. ಊರಲ್ಲಿ ನಾಲ್ಕು ಬೀದಿ. ಟ್ಯಾಂಕು ತುಂಬಿದ ಮೇಲೆ ಮೊದಲು ಮೂರು ಬೀದಿಗೆ ನೀರು ಬಿಡುತ್ತಿದ್ದರು. ಮಟ್ಟ ಕಾಲು ಎತ್ತರಕ್ಕಿಳಿದಾಗ ಅವರ ವಾಲ್ವ್ ಮುಚ್ಚಿ, ಉಳಿದದ್ದನ್ನು ನಮ್ಮ ಬೀದಿಗೆ ಬಿಡುತ್ತಿದ್ದರು. ಕೊಡಗಳು ತುಂಬುವ ಮೊದಲೇ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು.

ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದು ದಿನ ಅತ್ತೆ ಅರೆ ತುಂಬಿದ ಕೊಡ ಕುಕ್ಕಿ, "ಊರ ಮಕ್ಕಳಿಗೆಲ್ಲ ಲೆಕ್ಕ ಹೇಳ್ಕೊಡ್ತೀಯ. ನಮ್ಮನೆ ನೀರಿನ ಲೆಕ್ಕ ಯಾರು ನೋಡ್ಬೇಕಮ್ಮ?" ಅಂದರು.

ಕೂತು ಮಾಡಿ ನೋಡಿದೆ. ಗೋಳದ ತಳ ಕಿರಿದು. ಕಾಲು ಎತ್ತರದಲ್ಲಿ ನಿಲ್ಲುವ ನೀರು ತುಂಬಿದ ಟ್ಯಾಂಕನ್ನು ಮೂವತ್ತೆರಡು ಪಾಲು ಮಾಡಿದರೆ ಅದರಲ್ಲಿ ಐದೇ ಪಾಲು. ನಮಗೆ ಸೇರಬೇಕಾದದ್ದು ಎಂಟು. ಮೈ ಉರಿಯಿತು.

ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದೆ. ನಮ್ಮ ವಾರ್ಡಿನ ಮೆಂಬರ್ ನಕ್ಕರು. "ನಾಲ್ಕು ಬೀದಿ, ನಿಮಗೆ ಕಾಲು. ಇನ್ನೇನು ಬೇಕು ಮೇಡಂ? ಪಾಠ ಎಲ್ಲ ಸ್ಕೂಲಲ್ಲಿಟ್ಕೊಳ್ಳಿ."

"ಇಲ್ಲೂ ಮಾಡ್ತೀನಿ, ಕೂತ್ಕೊಳ್ಳಿ," ಅಂದೆ.

ಮಗಳ ಪ್ಲಾಸ್ಟಿಕ್ ಚೆಂಡು ತಂದಿದ್ದೆ, ಮೇಲೊಂದು ತೂತು ಕೊರೆದು. ಕಾಲು ಎತ್ತರಕ್ಕೆ ಗೆರೆ ಎಳೆದು, ಅಲ್ಲಿವರೆಗೆ ನೀರು ತುಂಬಿಸಿ, ಆ ನೀರನ್ನು ಒಂದು ಲೋಟಕ್ಕೆ ಬಗ್ಗಿಸಿ ಗುರುತು ಹಾಕಿಕೊಂಡೆ. "ಇದು ಕಾಲು ಭಾಗ ಆದ್ರೆ ನಾಲ್ಕು ಸಲ ಹುಯ್ದ್ರೆ ಚೆಂಡು ತುಂಬ್ಬೇಕು. ನೀವೇ ಹುಯ್ಯಿರಿ."

ಮೆಂಬರೇ ಹುಯ್ದರು. ನಾಲ್ಕಾಯಿತು. ಐದಾಯಿತು. ಆರಕ್ಕೂ ಚೆಂಡು ತುಂಬಲಿಲ್ಲ. ಹಿಂದೆ ಕೂತಿದ್ದ ನಮ್ಮ ಬೀದಿಯ ಅಜ್ಜಿ ತೆಲುಗಲ್ಲಿ ಕೂಗಿದಳು: "ಇಂಕಾ ನಿಂಡಲೇದು ಕದಾ!" ಇನ್ನೂ ತುಂಬಿಲ್ಲ ಅಂತ. ಸಭೆಯೆಲ್ಲ ನಕ್ಕಿತು. ಮೆಂಬರ್ ಮುಖ ಕೆಂಪಗಾಯಿತು.

"ಮುಂದಿನ ಮೀಟಿಂಗ್‌ನಲ್ಲಿ ನೋಡೋಣ."

"ಬೇಡ. ಇವತ್ತೇ ನೋಡಿ."

ಬೀದಿಯ ಹೆಂಗಸರೆಲ್ಲ ಹೋಗಿ ಆ ಮೂರು ಬೀದಿಯ ವಾಲ್ವಿನ ಸುತ್ತ ಕೂತೆವು. ಗಂಡ ಬಂದು, "ಊರವರನ್ನ ಎದುರು ಹಾಕ್ಕೊಂಡು ಬಾಳೋಕಾಗುತ್ತೇನೇ? ಏಳು," ಅಂದರು. "ನೀರಿಲ್ದೆ ಬಾಳೋಕಾಗುತ್ತಾ?" ಅಂತ ಅತ್ತೆಯೇ ಮಗನನ್ನು ಗದರಿದರು. ಹೊತ್ತು ಇಳಿಯುವಷ್ಟರಲ್ಲಿ ವಾಟರ್‌ಮ್ಯಾನ್ ಬಣ್ಣದ ಡಬ್ಬಿ ಹಿಡಿದು ಬಂದ. ಟ್ಯಾಂಕಿನ ಮಟ್ಟ ತೋರಿಸುವ ಪಟ್ಟಿಯಲ್ಲಿ, ಎತ್ತರದ ಮೂರನೇ ಒಂದು ಭಾಗಕ್ಕಿಂತ ಒಂದಿಷ್ಟು ಕೆಳಗೆ, ನಾನು ತೋರಿಸಿದ ಕಡೆ, ಕೆಂಪು ಗೆರೆ ಎಳೆದ. ಇನ್ನು ಮೇಲೆ ಅವರ ವಾಲ್ವ್ ಮುಚ್ಚುವುದು ಆ ಗೆರೆಗೆ.

ಆ ಮೂರು ಬೀದಿಯ ಕೆಲವರು ಈಗಲೂ ನನ್ನ ಕಂಡರೆ ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನಾನು ಅವರ ಬೀದಿಯಲ್ಲೇ ನಡೆದು ಬಸ್ ಸ್ಟಾಪಿಗೆ ಹೋಗುತ್ತೇನೆ, ತಲೆ ಎತ್ತಿಕೊಂಡು.