ಹಡಗು ದೋಣಿಯಲ್ಲ

ನನ್ನ ಅಣ್ಣತಮ್ಮಂದಿರಿಗೆ ಹಡಗು ಆರಿಸಿಕೊಡುವ ಕೆಲಸ ನನ್ನ ತಲೆಗೆ ಬಂದದ್ದು, ನಾನು ಕಾರ್ಕಳದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ಎಂಬ ಒಂದೇ ಕಾರಣಕ್ಕೆ. ಹಡಗಿಗೂ ನನಗೂ ಎಂತ ಸಂಬಂಧ? ಆಗುಂಬೆ ಘಾಟಿಯ ಬಸ್ಸಿನಲ್ಲೇ ಲಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂರುವವಳು ನಾನು. ನೀರಿನ ಮೇಲೆ ಏನಾದರೂ ಅಲುಗಾಡುವುದನ್ನು ನೋಡಿದರೆ ಸಾಕು, ಹೊಟ್ಟೆ ತೊಳಸುತ್ತದೆ. ಹಾಗಾಗಿ ಹೊರಡುವವರ ಲೆಕ್ಕದಲ್ಲಿ ನಾನಿರಲಿಲ್ಲ. ಬಿಟ್ಟಿ ಸಲಹೆಗೆ ಮಾತ್ರ ಇದ್ದೆ.

ಹೊರಟವರು ಅಣ್ಣ, ಅತ್ತಿಗೆ, ತಮ್ಮ, ತಮ್ಮನ ಹೆಂಡತಿ, ಜೊತೆಗೆ ನಮ್ಮ ಅಮ್ಮ. ಅಣ್ಣನದು ಮಲ್ಪೆಯಲ್ಲಿ ಐಸ್ ಪ್ಲಾಂಟ್. ತಮ್ಮ ಗಲ್ಫಿನಲ್ಲಿ ದುಡಿದು ಬಂದು ಮಣಿಪಾಲದಲ್ಲಿ ಫ್ಲ್ಯಾಟ್ ಮಾಡಿಕೊಂಡವನು. ಅಮ್ಮ ಕಾಪುವಿನಲ್ಲಿ ಅಣ್ಣನ ಜೊತೆ. ಆ ಮನೆಯ ಅಂಗಳದಲ್ಲಿ ನಿಂತು ಉಗುಳಿದರೆ ಕಡಲಿಗೆ ಬೀಳಬೇಕು, ಅಷ್ಟು ಹತ್ತಿರ. ಇಂಥವರಿಗೆ ಕಡಲು ನೋಡಲು ಯುರೋಪಿಗೆ ಹೋಗಬೇಕಿತ್ತು! ಮೆಡಿಟರೇನಿಯನ್ ಎಂಬ ಹೆಸರು ಅತ್ತಿಗೆಯ ಬಾಯಲ್ಲಿ ಹೊರಳುತ್ತಿರಲಿಲ್ಲ. ‘ಮೆಡಿಟೇಶನ್ ಕಡಲಿಗೆ ಹೋಗ್ತಾ ಇದ್ದೇವೆ’ ಎಂದು ನೆಂಟರಿಗೆಲ್ಲ ಹೇಳಿ ಮುಗಿಸಿದ್ದರು. ಅವರ ಅಜೆಕಾರಿನ ಚಿಕ್ಕಮ್ಮ ಅದು ಧ್ಯಾನ ಕಲಿಸುವ ಯಾವುದೋ ಆಶ್ರಮ ಇರಬೇಕೆಂದುಕೊಂಡು, ಅಲ್ಲಿ ಮಂಡಿನೋವಿಗೂ ಮದ್ದು ಉಂಟಾ ಎಂದು ಫೋನು ಮಾಡಿ ಕೇಳಿದರು.

ಅಮ್ಮನನ್ನು ಸೇರಿಸಿಕೊಂಡದ್ದು ಪ್ರೀತಿಯಿಂದಲೇ, ಇಲ್ಲವೆನ್ನುವುದಿಲ್ಲ. ತಾಯಿಯನ್ನೂ ಕರೆದುಕೊಂಡು ಹೋದರು ಎಂದು ಊರಿನವರು ಹೊಗಳಲಿ ಎಂಬುದೂ ಅದರಲ್ಲಿತ್ತು. ಆದರೆ ಮೊದಲ ತಕರಾರು ಅಲ್ಲಿಯೇ ಎದ್ದಿತು. ನಮ್ಮ ಕುಟುಂಬದಲ್ಲಿ ಹೆಂಗಸರು ದೋಣಿ ಹತ್ತುವ ಕ್ರಮವಿಲ್ಲ. ದೋಣಿಗೆ ಅರಸಿನ ಕುಂಕುಮ ಹಚ್ಚಬಹುದು, ಹಗ್ಗ ಹಿಡಿದು ದಡಕ್ಕೆ ಎಳೆಯಬಹುದು, ಅದು ತಂದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಉಡುಪಿಯ ಕೇರಿ ಕೇರಿ ತಿರುಗಿ ಮಾರಬಹುದು. ಕಾಲಿಡಬಾರದು, ಅಷ್ಟೆ. ಹೆಂಗಸು ಹತ್ತಿದ ದೋಣಿಯ ಬಲೆಗೆ ಮೀನು ಬೀಳುವುದಿಲ್ಲವಂತೆ. ಮೀನಿಗೆ ಈ ಸುದ್ದಿಯನ್ನು ಯಾರು ಹೋಗಿ ಮುಟ್ಟಿಸುತ್ತಾರೋ ದೇವರಿಗೇ ಗೊತ್ತು. ಬೇರೆ ಮನೆಗಳಲ್ಲಿ ಇದೆಲ್ಲ ಎಂದೋ ಸಡಿಲವಾಗಿದೆ. ನಮ್ಮಲ್ಲಿ ಅಪ್ಪ ಇರುವವರೆಗೂ ಗಟ್ಟಿಯಾಗಿತ್ತು, ಅಪ್ಪ ಹೋದ ಮೇಲೆ ಸೊಸೆಯಂದಿರು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ, ಅಮ್ಮ ಮಾತ್ರ ಇನ್ನೂ ಗಟ್ಟಿ ಮಾಡಿಕೊಂಡಿದ್ದಳು.

ಹಾಗಾಗಿ ಹೂಡೆಯಲ್ಲಿರುವ ಸೋದರಮಾವನನ್ನು ಕೇಳಬೇಕಾಯಿತು. ಅಮ್ಮನ ತಮ್ಮ ಅವರು. ಇಂಥ ವಿಷಯದಲ್ಲಿ ನಮ್ಮಲ್ಲಿ ಮಾವನ ಮಾತೇ ಕೊನೆ. ಅಣ್ಣ ಅವರಿಗೆ ಮೊಬೈಲಿನಲ್ಲಿ ಹಡಗಿನ ಚಿತ್ರ ತೋರಿಸಿದ. ಮಾವ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದರು.

‘‘ಇದರಿಂದ ಬಲೆ ಬೀಸುತ್ತಾರಾ?’’

‘‘ಇಲ್ಲ ಮಾವ. ಇದರಲ್ಲಿ ಊಟ, ಡ್ಯಾನ್ಸು, ಈಜುಕೊಳ.’’

‘‘ಮತ್ತೆ ಇದು ದೋಣಿ ಹೇಗಾಗುತ್ತದೆ ಮಾರಾಯ? ಬಲೆ ಬೀಸದ್ದು ದೋಣಿ ಅಲ್ಲ. ಅಕ್ಕ ಹೋಗಿ ಬರಲಿ.’’

ತೀರ್ಪು ಬಂತು. ಅಮ್ಮ ಪಾಸ್‌ಪೋರ್ಟಿನ ಫೋಟೋಗೆ ಕೂತಳು. ನಗಬಾರದು ಎಂದು ಎಷ್ಟು ಹೇಳಿದರೂ ನಗುತ್ತಿದ್ದಳು.

ಅಮ್ಮನಿಗೆ ಈ ಪ್ರಯಾಣ ಎಂತಕ್ಕೆ ಬೇಕಿತ್ತು ಎಂಬುದು ನನಗೊಬ್ಬಳಿಗೆ ಗೊತ್ತಿತ್ತು. ಒಂದು ದಿನ ಹಿತ್ತಿಲಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಾ ಹೇಳಿದ್ದಳು. ಅಪ್ಪ ದೋಣಿ ಇಳಿಸುವಾಗೆಲ್ಲ ಅವಳು ಕಾಪುವಿನ ದೀಪಸ್ತಂಭದ ಬುಡದ ಬಂಡೆಯ ಮೇಲೆ ನಿಂತು ಕೈ ಬೀಸಬೇಕಿತ್ತು. ಅದು ಅಪ್ಪನ ಆಜ್ಞೆ. ದೀಪಸ್ತಂಭದ ಕಪ್ಪು ಬಿಳಿ ಪಟ್ಟೆಗಳು ಕಲಸಿ ಒಂದಾಗುವವರೆಗೂ ನೀನು ನನಗೆ ಕಾಣುತ್ತಿ, ಅಲ್ಲಿಯವರೆಗೆ ನಿಲ್ಲಬೇಕು ಎಂದಿದ್ದರಂತೆ. ಇವಳು ನಿಂತಳು. ಮದುವೆಯಾದ ಹೊಸತರಲ್ಲಿ ನಿಂತಳು, ನಮ್ಮನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತಳು, ಜ್ವರ ಬಂದಾಗಲೂ ಹೋಗಿ ನಿಂತಳು. ಅಷ್ಟು ದೂರದಿಂದ ಆನೆ ನಿಂತರೂ ಕಾಣುವುದಿಲ್ಲ, ನಿನ್ನ ಗಂಡ ನಿನ್ನನ್ನು ಮಂಗ ಮಾಡುತ್ತಿದ್ದಾನೆ ಎಂದು ನೆರೆಯ ಹೆಂಗಸರು ನಗುತ್ತಿದ್ದರಂತೆ.

‘‘ಒಂದು ಸಲ ನೀರಿನ ಕಡೆಯಿಂದ ನೋಡಬೇಕು ಅಂತ ಉಂಟು ನನಗೆ’’ ಎಂದಳು ಅಮ್ಮ. ‘‘ದಡದಲ್ಲಿ ನಿಂತ ಜನ ಕಾಣುತ್ತದಾ ಇಲ್ಲವಾ ಅಂತ. ಯಾವ ಊರಿನ ದಡ ಆದರೂ ಆಯಿತು.’’

‘‘ಕಾಣದಿದ್ದರೆ?’’

‘‘ಕಾಣದಿದ್ದರೆ ಇಷ್ಟು ವರ್ಷ ನಾನು ಮಂಗ ಆದೆ ಅಂತ ಆಯಿತು. ಅದಾದರೂ ಗೊತ್ತಾಗಲಿ. ಅವರಿಗೆಲ್ಲ ಹೇಳಬೇಡ ನೀನು, ನಗುತ್ತಾರೆ.’’

ನಾನು ಹೇಳಲಿಲ್ಲ. ಅಮ್ಮನಿಗೆ ಕಡಲು ಕಾಣುವ ಕೋಣೆ ಕೊಡಿಸಬೇಕು ಎಂಬುದನ್ನು ಮಾತ್ರ ಗಟ್ಟಿ ಮಾಡಿಕೊಂಡು ಮಣಿಪಾಲಕ್ಕೆ ಹೋದೆ.

ತಮ್ಮನ ಫ್ಲ್ಯಾಟಿನಲ್ಲಿ ಸಭೆ. ಕಾಪುವಿನಿಂದ ಅಣ್ಣ, ಅತ್ತಿಗೆ, ಅಮ್ಮ ಬಂದಿದ್ದರು. ಟ್ರಾವೆಲ್ಸಿನ ಹುಡುಗಿ ಲ್ಯಾಪ್‌ಟಾಪಿನೊಂದಿಗೆ ಬಂದಿದ್ದಳು. ಹಡಗು ಎರಡು. ಎರಡೂ ಬಾರ್ಸಿಲೋನಾದಿಂದ ಹೊರಟು ನೇಪಲ್ಸ್ ಮುಟ್ಟಿ ತಿರುಗಿ ಬರುವಂಥವು. ಮೊದಲನೆಯದು ಒಂದು ಪೇಟೆಯನ್ನೇ ಎತ್ತಿ ನೀರಿನಲ್ಲಿ ಇಟ್ಟಂತೆ ಇತ್ತು. ಅದರಲ್ಲಿ ಜಾರುಬಂಡಿ, ಐಸಿನ ಮೇಲೆ ಜಾರುವ ಅಂಗಳ, ಕಾರು ಓಡಿಸುವ ರಸ್ತೆ, ಮಾಲು, ಮರಗಿಡಗಳಿರುವ ಪಾರ್ಕು, ಎಲ್ಲ ಉಂಟು. ಕಡಲು ಎಂಬುದೊಂದು ಹೊರಗೆ ಇದೆ ಎಂಬುದು ಒಳಗಿದ್ದವರಿಗೆ ಗೊತ್ತಾಗಬಾರದು ಎಂದೇ ಕಟ್ಟಿದಂತಿತ್ತು. ಐಸಿನ ಅಂಗಳ ನೋಡಿ ಅಣ್ಣ ಬಾಯಿ ಬಿಟ್ಟ. ಜೀವಮಾನವೆಲ್ಲ ಐಸಿನ ಮಧ್ಯೆ ಬದುಕಿದವನು, ದುಡ್ಡು ಕೊಟ್ಟು ಅದರ ಮೇಲೆ ಜಾರಿ ಬೀಳಲು ಹೊರಟಿದ್ದ. ಎರಡನೆಯ ಹಡಗೂ ದೊಡ್ಡದೇ, ಆದರೆ ಜಾರುಬಂಡಿ ಇಲ್ಲ, ಐಸು ಇಲ್ಲ. ಅಲ್ಲಿ ಎಲ್ಲ ಕೋಣೆಗೂ ಕಡಲಿನ ಕಡೆಗೆ ಬಾಲ್ಕನಿ.

ನಾನು ಎರಡನೆಯದು ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ತಮ್ಮನ ಹೆಂಡತಿಗೆ ಕುಚ್ಚಲಕ್ಕಿ ಗಂಜಿಯ ಚಿಂತೆ ಹತ್ತಿತ್ತು. ಯಾವ ಹಡಗಿನಲ್ಲಿ ಗಂಜಿ ಸಿಗುತ್ತದೆ ಎಂದು ಕೇಳಿದಳು. ಅತ್ತಿಗೆ, ಒಣಮೀನು ತಂದರೆ ಹುರಿದುಕೊಡುತ್ತಾರಾ ಎಂದು ಕೇಳಿದರು. ಆ ಹುಡುಗಿ ನಗು ತಡೆದುಕೊಂಡು ಎಲ್ಲದಕ್ಕೂ ‘ವಿಚಾರಿಸಿ ಹೇಳ್ತೇನೆ ಮೇಡಂ’ ಎನ್ನುತ್ತಿದ್ದಳು. ಆಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ತನ್ನ ಪ್ರಶ್ನೆ ಇಟ್ಟ.

‘‘ಈ ಹಡಗಿಗೆ ಮೂಡು ದಿಕ್ಕು ಯಾವ ಕಡೆ ಬರುತ್ತದೆ?’’

‘‘ಅಂದರೆ ಸರ್?’’

‘‘ಬಡಗು ದಿಕ್ಕಿಗೆ ತಲೆ ಹಾಕಿ ಮಲಗಬಾರದಲ್ಲ. ಮಂಚ ಮೂಡುಪಡುವಾಗಿ ಇರುವ ಕೋಣೆಯನ್ನೇ ಬುಕ್ ಮಾಡಿ.’’

ಅಯ್ಯೋ ಕರ್ಮವೇ! ದೋಣಿಯ ಮೇಲೆ ಬದುಕು ಸವೆಸಿದವರ ಹಿರಿಮಗ ಕೇಳುವ ಪ್ರಶ್ನೆಯೇ ಇದು? ಹುಡುಗಿ ಬಹಳ ಮೆಲ್ಲಗೆ, ‘‘ಸರ್, ಹಡಗು ತಿರುಗುತ್ತದಲ್ಲ’’ ಎಂದಳು. ನಾನು ಜೋರಾಗಿ ನಕ್ಕುಬಿಟ್ಟೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಣ್ಣನಿಗೆ ಅವಮಾನವಾಗಿರಬೇಕು; ಅಲ್ಲಿಂದ ಮುಂದೆ ನಾನು ಏನು ಹೇಳಿದರೂ ಅದರ ಎದುರು ಹೇಳುವುದೇ ಅವನ ಕೆಲಸವಾಯಿತು.

‘‘ಮೊದಲನೆಯದೇ ಆಯಿತು’’ ಎಂದ. ತಮ್ಮ, ಹೆಂಗಸರು, ಎಲ್ಲರೂ ಹೌದೆಂದರು.

ಆಗ ಹುಡುಗಿ ಹೇಳಿದಳು. ಮೊದಲನೆಯ ಹಡಗಿನಲ್ಲಿ ಬಾಲ್ಕನಿಯಿರುವ ಕೋಣೆ ಉಳಿದಿರುವುದು ಎರಡೇ. ಅದು ಅಣ್ಣನ ಜೋಡಿಗೆ ಒಂದು, ತಮ್ಮನ ಜೋಡಿಗೆ ಒಂದು. ಅಮ್ಮನಿಗೆ ಒಳಗಿನ ಕೋಣೆ ಸಿಗುತ್ತದೆ. ಅದಕ್ಕೆ ಕಿಟಕಿ ಇಲ್ಲ. ಆದರೆ ಬೇಜಾರು ಮಾಡುವುದು ಬೇಡ, ಗೋಡೆಯಲ್ಲಿ ದೊಡ್ಡ ಟಿ.ವಿ. ಉಂಟು, ಹಡಗಿನ ಮುಂದೆ ಇಟ್ಟ ಕ್ಯಾಮೆರಾದಿಂದ ಕಡಲು ಅದರಲ್ಲಿ ಬರುತ್ತಾ ಇರುತ್ತದೆ, ಬಾಲ್ಕನಿಯಲ್ಲಿ ಕೂತ ಹಾಗೆಯೇ ಎಂದಳು.

‘‘ಟಿ.ವಿ.ಯಲ್ಲಿ ಕಡಲು ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಕಾರ್ಕಳಕ್ಕೆ ಬನ್ನಿ, ನಮ್ಮ ಟಿ.ವಿ.ಯಲ್ಲೂ ಬರುತ್ತದೆ’’ ಎಂದೆ. ‘‘ಅಷ್ಟು ಚಂದ ಇದ್ದರೆ ಅಣ್ಣ, ನೀವಿಬ್ಬರು ಆ ಪೆಟ್ಟಿಗೆಯಲ್ಲಿ ಮಲಗಿ, ಬಾಲ್ಕನಿ ಅಮ್ಮನಿಗೆ ಕೊಡಿ. ಇಲ್ಲದಿದ್ದರೆ ಎರಡನೆಯ ಹಡಗು ಮಾಡಿ. ಒಂದು ಜಾರುಬಂಡಿಗೆ ಇಷ್ಟೊಂದು ಪಟ್ಟು ಎಂತಕ್ಕೆ?’’

ಅಣ್ಣ ನನ್ನನ್ನು ನೋಡಿ, ಸಣ್ಣ ಮಗುವಿಗೆ ತಿಳಿಸುವಂತೆ ಹೇಳಿದ: ‘‘ಅಮ್ಮನಿಗೆ ಎಂತಕ್ಕೆ ಕಡಲು? ಹುಟ್ಟಿದಂದಿನಿಂದ ನೋಡಿದ್ದು ಅದನ್ನೇ ಅಲ್ವಾ?’’

ನನಗೆ ಮೈಯೆಲ್ಲ ಉರಿದುಹೋಯಿತು. ಹೇಳಿಬಿಡುತ್ತಿದ್ದೆ, ಎಲ್ಲವನ್ನೂ. ಅಮ್ಮ ಮೇಜಿನ ಕೆಳಗಿಂದ ನನ್ನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

‘‘ಹೌದು, ಅವನು ಹೇಳುವುದು ಸರಿ’’ ಎಂದಳು. ‘‘ನನಗೆ ಅಲ್ಲಿಯ ಚಳಿ ಆಗಲಿಕ್ಕಿಲ್ಲ. ನೀವು ಹೋಗಿ ಬನ್ನಿ. ನಾನು ಬರುವುದಿಲ್ಲ.’’

ಅವರು ಎರಡು ಸಲ ‘ಬಾ ಅಮ್ಮ’ ಎಂದರು. ಮೂರನೆಯ ಸಲ ಯಾರೂ ಹೇಳಲಿಲ್ಲ. ಹುಡುಗಿ ಲ್ಯಾಪ್‌ಟಾಪಿನಲ್ಲಿ ಒಂದು ಕೋಣೆ ಅಳಿಸಿದಳು, ತಮ್ಮನ ಹೆಂಡತಿ ಎಲ್ಲರಿಗೂ ಐಸ್‌ಕ್ರೀಮ್ ತಂದಳು.

ಅವರು ಹೋದರು. ನಾನು ಕಾಪುವಿಗೆ ಬಂದು ಅಮ್ಮನ ಜೊತೆ ಉಳಿದೆ. ದಿನವೂ ಫೋಟೋ ಬರುತ್ತಿದ್ದವು. ಲಿಫ್ಟಿನ ಎದುರು ಅತ್ತಿಗೆ. ಮಾಲಿನಲ್ಲಿ ಅತ್ತಿಗೆ. ತಟ್ಟೆ ತುಂಬ ಏನೋ ಬಡಿಸಿಕೊಂಡು ತಮ್ಮ. ಐಸಿನ ಮೇಲೆ ಎರಡು ಕಡೆಯಿಂದ ಇಬ್ಬರು ಹಿಡಿದುಕೊಂಡ ಅಣ್ಣ. ಅವನ ಮುಖದಲ್ಲಿ ಜೀವ ಇರಲಿಲ್ಲ. ಅಮ್ಮ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡುತ್ತಿದ್ದಳು. ‘‘ಇದರಲ್ಲಿ ಕಡಲು ಎಲ್ಲಿ?’’ ಎಂದು ಕೇಳಿದಳು. ಹುಡುಕಿದೆವು. ತಮ್ಮನ ಹೆಂಡತಿಯ ತಂಪು ಕನ್ನಡಕದೊಳಗೆ ಒಂದು ಚೂರು ನೀಲಿ ಕಂಡಿತು. ಅದೂ ಈಜುಕೊಳ ಇರಬೇಕು.

ನನ್ನ ತಲೆ ಕೆಟ್ಟುಹೋಯಿತು. ‘‘ಏಳು ಅಮ್ಮ’’ ಎಂದೆ.

ದೀಪಸ್ತಂಭದ ಆಚೆ ಪ್ರವಾಸಿಗರನ್ನು ಕೂರಿಸಿಕೊಂಡು ಕಡಲಿನಲ್ಲಿ ಒಂದು ಸುತ್ತು ಹೊಡೆಸುವ ಬೋಟು ನಿಂತಿರುತ್ತದೆ. ಅಮ್ಮ ಅದರತ್ತ ಯಾವತ್ತೂ ಕಣ್ಣೆತ್ತಿ ನೋಡಿದವಳಲ್ಲ. ಅದು ಅವಳ ಲೆಕ್ಕದಲ್ಲಿ ದೋಣಿ. ನಾನು ಅದರ ಎದುರು ಅವಳನ್ನು ನಿಲ್ಲಿಸಿದೆ.

‘‘ಇದರಲ್ಲಿ ಬಲೆ ಉಂಟಾ ನೋಡು.’’

ಅಮ್ಮ ಬಗ್ಗಿ ಬೋಟಿನ ಒಳಗೆಲ್ಲ ನೋಡಿದಳು. ಕೇಸರಿ ಬಣ್ಣದ ಲೈಫ್ ಜಾಕೆಟ್‌ಗಳು, ಯಾರೋ ಬಿಟ್ಟುಹೋದ ನೀರಿನ ಬಾಟ್ಲಿ.

‘‘ಇಲ್ಲ’’ ಎಂದಳು.

‘‘ಮಾವ ಎಂತ ಹೇಳಿದ್ದಾರೆ?’’

ಅಮ್ಮ ನಕ್ಕಳು, ಪಾಸ್‌ಪೋರ್ಟಿನ ಫೋಟೋಗೆ ನಕ್ಕ ಹಾಗೆ. ಚಪ್ಪಲಿ ಬಿಚ್ಚಿ, ತನ್ನ ಚೀಲದ ಜೊತೆ ನನ್ನ ಕೈಗೆ ಕೊಟ್ಟಳು. ಹಡಗಾದರೂ ದೋಣಿಯಾದರೂ ನೀರಿನ ಮೇಲೆ ಹೋಗುವಾಗ ಚಪ್ಪಲಿ ಹಾಕಬಾರದಂತೆ. ಅದನ್ನು ಮಾವನಲ್ಲಿ ಕೇಳುವುದಕ್ಕೂ ಅವಳು ತಯಾರಿರಲಿಲ್ಲ. ಸೀರೆಯ ಮೇಲೆ ಜಾಕೆಟ್ ಕಟ್ಟಿಸಿಕೊಂಡು, ಬೋಟಿನವನ ಕೈ ಹಿಡಿದು ಹತ್ತಿ ಕೂತಳು.

‘‘ಸುಮ್ಮನೆ ಇಲ್ಲೇ ತಿರುಗಿಸಬೇಡ’’ ಎಂದು ಅವನಿಗೆ ಹೇಳಿದಳು. ‘‘ದೀಪಸ್ತಂಭದ ಪಟ್ಟೆ ಕಲಸಿಹೋಗುವವರೆಗೆ ಹೋಗಬೇಕು.’’

‘‘ಅಷ್ಟು ದೂರ ಎಂತಕ್ಕೆ ಅಮ್ಮ? ಅಲ್ಲಿ ನೋಡಲಿಕ್ಕೆ ಎಂತದೂ ಇಲ್ಲ.’’

‘‘ಅದು ನಾನು ನೋಡಿಕೊಳ್ಳುತ್ತೇನೆ. ನೀನು ಬಿಡು.’’

ನನಗೆ ಬಂಡೆಯ ಕಡೆ ಕೈ ಮಾಡಿ ತೋರಿಸಿದಳು. ‘‘ಅಲ್ಲಿ ನಿಲ್ಲು. ನಾನು ನಿಲ್ಲುತ್ತಿದ್ದ ಜಾಗದಲ್ಲಿ.’’

ಬಂಡೆ ಹತ್ತಿ ನಿಂತೆ. ಬೋಟು ಹೋಯಿತು. ಮೊದಲು ಅಮ್ಮನ ತಲೆ ಕಂಡಿತು, ಆಮೇಲೆ ಕೇಸರಿ ಜಾಕೆಟ್ ಮಾತ್ರ, ಆಮೇಲೆ ಬೋಟೇ ಒಂದು ಎಳ್ಳಿನಷ್ಟಾಯಿತು, ಅಲೆಗಳ ನಡುವೆ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಬಂಡೆ ಕಾದು ಪಾದ ಉರಿಯುತ್ತಿತ್ತು. ಇದರ ಮೇಲೆ ಅವಳು ಜ್ವರದಲ್ಲಿ ಹೇಗೆ ನಿಂತಳಪ್ಪ ಎಂದುಕೊಂಡೆ. ಅಪ್ಪನ ಮೇಲೆ ಸಿಟ್ಟು ಬಂತು. ಸೆಲ್ಫಿ ತೆಗೆಯುವ ಜನರೆಲ್ಲ ನನ್ನನ್ನು ತಳ್ಳಿಕೊಂಡು ಹೋಗುತ್ತಿದ್ದರು. ಇಷ್ಟು ಜನರ ನಡುವೆ, ಅಷ್ಟು ದೂರದಿಂದ, ನಾನೆಲ್ಲಿ ಕಾಣಲಿ? ನನಗೆ ಇಲ್ಲಿಂದ ಅಷ್ಟು ದೊಡ್ಡ ಬೋಟೇ ಕಾಣುತ್ತಿಲ್ಲ. ನೆರೆಯ ಹೆಂಗಸರು ಹೇಳಿದ್ದೇ ಸರಿ. ಹೋಗಿ ಹೋಗಿ ಈ ವಯಸ್ಸಿನಲ್ಲಿ ಅವಳಿಗೆ ಅದನ್ನು ನಾನೇ ತೋರಿಸಿಕೊಟ್ಟ ಹಾಗಾಯಿತಲ್ಲ ಎಂದು ಸಂಕಟವಾಯಿತು.

ಬೋಟು ತಿರುಗಿ ಬಂದಾಗ ಓಡಿ ಹೋದೆ. ಅಮ್ಮನ ಸೀರೆ ಮೊಣಕಾಲಿನವರೆಗೆ ಒದ್ದೆ. ಕಣ್ಣು ಕೆಂಪಾಗಿತ್ತು, ಉಪ್ಪುನೀರು ಎಂದಳು. ಬೋಟಿನವನು ಅವಳನ್ನು ಇಳಿಸಿ, ‘‘ನಿಮ್ಮ ಅಮ್ಮ ಹಿಂದೆ ತಿರುಗಿ ಕೂತವರು ಕಡಲನ್ನು ನೋಡಲೇ ಇಲ್ಲ’’ ಎಂದ.

ಕೇಳಲು ಭಯವಾಗುತ್ತಿತ್ತು. ಆದರೂ ಕೇಳಿದೆ.

‘‘ನಾನು ಕಂಡೆನಾ ಅಮ್ಮ?’’

‘‘ಕಾಣದೆ ಎಂತ?’’ ಅಮ್ಮ ನನ್ನ ಮುಖ ನೋಡದೆ ಜಾಕೆಟ್ಟಿನ ಗಂಟು ಬಿಚ್ಚುತ್ತಿದ್ದಳು. ‘‘ಚಂದ ಕಂಡಿ. ಪಟ್ಟೆ ಕಲಸಿಹೋಗುವವರೆಗೂ ಎರಡು ಕೈ ಬೀಸುತ್ತಾ ಇದ್ದಿ. ನಿನ್ನ ಅಪ್ಪ ಹೇಳಿದ್ದು ಸತ್ಯವೇ.’’

ನನ್ನ ಒಂದು ಕೈಯಲ್ಲಿ ಅವಳ ಚಪ್ಪಲಿ ಇತ್ತು, ಇನ್ನೊಂದು ಕೈಯಲ್ಲಿ ಅವಳ ಚೀಲ. ಬಂಡೆಯ ಮೇಲೆ ಅಷ್ಟು ಹೊತ್ತು ಅವೆರಡನ್ನೂ ಹಿಡಿದುಕೊಂಡೇ ನಿಂತಿದ್ದೆ. ಚಪ್ಪಲಿಯನ್ನು ಅವಳ ಕಾಲಿನ ಹತ್ತಿರ ಇಟ್ಟೆ.