ಹುಣಸೆಹುಳಿಯಲ್ಲಿ ತೊಳೆದ ವರ್ಜೀನಿಯಾ ಕಾಸು

1996ರಲ್ಲಿ ನಾನು ದೋಹಾದ ಒಂದು ಸಂಗ್ರಹಾಲಯದಲ್ಲಿ ಲೋಹವಸ್ತುಗಳ ಕನ್ಸರ್ವೇಟರ್ ಆಗಿದ್ದೆ. ಹಳೆಯ ಲೋಹ ಇನ್ನಷ್ಟು ಕೆಡದಂತೆ ನೋಡಿಕೊಳ್ಳುವುದು ಆ ಹುದ್ದೆಯ ಕೆಲಸ. ಅದರಲ್ಲಿ ಅರ್ಧ ಕೆಲಸ, ಏನೂ ಮಾಡದೆ ಕೈಕಟ್ಟಿ ಕೂರುವುದು. ನಾಣ್ಯ ತಂದವರಿಗೆಲ್ಲ ನಾನು ಹೇಳುತ್ತಿದ್ದ ಮೊದಲ ಮಾತು, "ದಯವಿಟ್ಟು ತೊಳೆಯಬೇಡಿ." ತಾಮ್ರದ ಮೇಲೆ ಕಾಲಕ್ರಮದಲ್ಲಿ ಕೂಡುವ ಕಂದು ಪದರಕ್ಕೆ ಪ್ಯಾಟಿನಾ ಎನ್ನುತ್ತಾರೆ. ಅದು ಕೊಳೆಯಲ್ಲ, ನಾಣ್ಯದ ಚರ್ಮ. ಇದನ್ನು ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಭವೂ ಇರುತ್ತಿತ್ತು.

ಆ ವರ್ಷ ದೋಹಾದಲ್ಲಿದ್ದ ಕೆಲವು ಅಮೆರಿಕನ್ ಕುಟುಂಬಗಳು ತಮ್ಮ ಹಳೆಯ ನಾಣ್ಯಗಳ ಪ್ರದರ್ಶನವೊಂದನ್ನು ನಮ್ಮಲ್ಲಿ ಏರ್ಪಡಿಸಿದವು. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದ ನಾಣ್ಯಗಳು. ಅಲ್ಲಿ ಸ್ವಂತ ನಾಣ್ಯಕ್ಕೆ ಬರವೋ ಬರ. ಸ್ಪೇನಿನ ಬೆಳ್ಳಿಯೇ ಸಂತೆಯ ಹಣ, ಚಿಲ್ಲರೆ ಬೇಕಾದರೆ ಅದನ್ನೇ ಕತ್ತರಿಸಿ ತುಂಡು ಮಾಡುತ್ತಿದ್ದರು. ಮ್ಯಾಸಚೂಸೆಟ್ಸ್ ವಸಾಹತು ಬೆಳ್ಳಿ ನಾಣ್ಯ ಅಚ್ಚುಹಾಕಿತಾದರೂ, ದೊರೆಯ ಅಪ್ಪಣೆ ಇಲ್ಲದ್ದಕ್ಕೋ ಏನೋ, ದಶಕಗಳ ಕಾಲ 1652 ಎಂಬ ಒಂದೇ ಇಸವಿಯನ್ನು ಕೆತ್ತುತ್ತ ಹೋಯಿತು.

ಅನಿಲ ಸ್ಥಾವರದ ಎಂಜಿನಿಯರ್ ಹೆರಾಲ್ಡ್ ಕೊಟ್ಟದ್ದು ಒಂದೇ ನಾಣ್ಯ. ವರ್ಜೀನಿಯಾ ವಸಾಹತಿಗಾಗಿ ಲಂಡನ್ನಿನ ಟಂಕಸಾಲೆಯಲ್ಲಿ ಅಚ್ಚಾದ, ಮೂರನೆಯ ಜಾರ್ಜ್ ದೊರೆಯ ಮುಖವಿರುವ 1773ರ ತಾಮ್ರದ ಅರ್ಧ ಪೆನ್ನಿ. ಅಪರೂಪದ್ದೇನಲ್ಲ. ಆದರೆ ಅದು ಅವರ ತಂದೆಯದು. ಸಂಗ್ರಹಾಲಯದ ದಾಖಲೆ ಪುಸ್ತಕಕ್ಕೆ ಏರದ ಎರವಲು ವಸ್ತುವಾದ್ದರಿಂದ ಗುರುವಾರ ಅದನ್ನು ಮನೆಗೆ ತಂದೆ. ರಜೆಯಲ್ಲಿ ವಿವರ ಬರೆದು ಮುಗಿಸುವ ಉಮೇದು. ನಿಯಮದ ಪ್ರಕಾರ ತರಬಾರದಿತ್ತು. ಸಾಹೇಬರೊಬ್ಬರ ಎರವಲು ಕಾಸು ಎಂದಷ್ಟೇ ಮನೆಯಲ್ಲಿ ಹೇಳಿ ಮೇಜಿನ ಮೇಲಿಟ್ಟೆ.

ಮರುದಿನ ವರಮಹಾಲಕ್ಷ್ಮಿ ಹಬ್ಬ. ದೋಹಾ ಅಲ್ ಜದೀದಾದ ನಮ್ಮ ಫ್ಲ್ಯಾಟಿನ ಸಿಂಕಿನಲ್ಲಿ ನನ್ನ ಹೆಂಡತಿ ಸರೋಜ ಕಲಶದ ಚೊಂಬು, ಪಂಚಪಾತ್ರೆಗಳನ್ನೆಲ್ಲ ತೊಳೆದಿಟ್ಟಿದ್ದಳು. ನಾನು ಸ್ನಾನ ಮುಗಿಸಿ ಬಂದಾಗ ಮೇಜಿನ ಮೇಲೆ ಜಾರ್ಜ್ ದೊರೆ ಹೊಸ ತಾಮ್ರದ ತಂತಿಯ ಬಣ್ಣದಲ್ಲಿ ಥಳಥಳಿಸುತ್ತಿದ್ದ.

"ಸಾಹೇಬ್ರ ಕಾಸು ಕಿಲುಬು ಹಿಡಿದಿತ್ತಲ್ರೀ. ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದೀನಿ. ಎರವಲು ತಂದಿದ್ದನ್ನ ಹಾಗೇ ವಾಪಸ್ ಕೊಟ್ರೆ ಏನಂದ್ಕೋತಾರೆ?"

ನೆರೆಮನೆಯ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸಬಾರದೆಂದು ಕಲಿತು ಬೆಳೆದವಳು. ಊರಿಗೆಲ್ಲ ಉಪದೇಶ ಮಾಡುತ್ತಿದ್ದ ನಾನು ಮನೆಯಲ್ಲಿ ಒಂದು ದಿನವೂ ನನ್ನ ಕೆಲಸವೇನೆಂದು ಹೇಳಿರಲಿಲ್ಲ. ಅದನ್ನು ತೊಳೆಯಬಾರದಿತ್ತೆಂದು ಅಂದೇ ಮೊದಲ ಸಲ ಅವಳಿಗೆ ಹೇಳಿದೆ. ಹೋದ ಪ್ಯಾಟಿನಾ ಯಾವ ಮದ್ದಿಗೂ ಮರಳುವುದಿಲ್ಲ.

ಶನಿವಾರ ಸಂಜೆ ಅಲ್ ಗರಾಫಾದ ಹೆರಾಲ್ಡರ ವಿಲ್ಲಾಕ್ಕೆ ಹೊರಟೆ. ಒಬ್ಬಟ್ಟಿನ ಡಬ್ಬಿ ಹಿಡಿದು ಸರೋಜಳೂ ಬಂದಳು. ಹೆರಾಲ್ಡ್ ನಾಣ್ಯವನ್ನು ದೀಪದ ಕೆಳಗೆ ಹಿಡಿದು ನನ್ನ ಮುಖ ನೋಡಿದರು. ನಾನು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

"ಆಗಸ್ಟಿನ ಹ್ಯುಮಿಡಿಟಿ, ಸರ್. ಕೆಲವೊಮ್ಮೆ ತಾಮ್ರದ ಮೇಲ್ಪದರ ತಾನಾಗಿಯೇ ಬಿಡುತ್ತದೆ."

ಇಂಥದನ್ನು ನನ್ನ ಸಹಾಯಕ ಹೇಳಿದ್ದರೆ ನಾನು ಅಟ್ಟಾಡಿಸುತ್ತಿದ್ದೆ. ಸರೋಜಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಹ್ಯುಮಿಡಿಟಿ ಎಂಬ ಪದ ದೋಹಾದಲ್ಲಿ ಯಾರಿಗೆ ತಿಳಿಯದು?

"ನೋ ಸರ್," ಅಂದಳು. "ಐ ವಾಶ್. ಟ್ಯಾಮರಿಂಡ್. ಸಾರಿ ಸರ್."

ಹೆರಾಲ್ಡ್ ನಾಣ್ಯದ ಮೇಲೆ ಹೆಬ್ಬೆರಳಾಡಿಸಿದರು. "ಅಪ್ಪ ಇದನ್ನು ಜೇಬಿನಲ್ಲಿಟ್ಟುಕೊಂಡು ಹೀಗೆ ಸವರುತ್ತಿದ್ದರು. ಆ ಕಂದು ಬಣ್ಣದಲ್ಲಿ ಅವರ ಕೈಬೆವರೂ ಇತ್ತು." ಆಮೇಲೆ ಸರೋಜಳಿಗೆ ಥ್ಯಾಂಕ್ಸ್ ಹೇಳಿ ಒಬ್ಬಟ್ಟಿನ ಡಬ್ಬಿ ತೆಗೆದುಕೊಂಡರು. ನನ್ನ ಕಡೆ ತಿರುಗಿ, "ಪ್ರದರ್ಶನದಲ್ಲಿಡಿ. ತೊಳೆದದ್ದು ಎಂದು ಬರೆಯಿರಿ" ಎಂದಷ್ಟೇ ಅಂದರು. ಅದು ನಾಣ್ಯಶಾಸ್ತ್ರದ ನಿಯಮ. ಅದನ್ನೂ ಅವರೇ ನನಗೆ ನೆನಪಿಸಬೇಕಾಯಿತು.

ಕಾರಿನಲ್ಲಿ ಸರೋಜ ಅಂದಳು, "ನಂಗೆ ಗೊತ್ತಿಲ್ದೆ ತೊಳೆದೆ. ನೀವು ಎಲ್ಲಾ ಗೊತ್ತಿದ್ದೂ ಯಾಕ್ರೀ ಹಾಗಂದ್ರಿ?"

ಪ್ರದರ್ಶನದ ದಿನ ಕಂದು ಕಂದು ನಾಣ್ಯಗಳ ನಡುವೆ ಜನ ನಿಂತು ನೋಡಿದ್ದು ಆ ಒಂದನ್ನೇ. ನಾನು ಬರೆದ 'ತೊಳೆಯಲಾಗಿದೆ' ಎಂಬ ಚೀಟಿಯನ್ನು ಯಾರೂ ಓದಲಿಲ್ಲ. ಮುಖ್ಯ ಅತಿಥಿಯಾಗಿದ್ದ ಹಿರಿಯ ಅಧಿಕಾರಿ ನನ್ನ ಕೈಕುಲುಕಿ, "ಮಾಶಾಅಲ್ಲಾ, ಎಲ್ಲಕ್ಕಿಂತ ಚೆನ್ನಾಗಿ ಕಾಪಾಡಿರುವುದು ಇದನ್ನೇ" ಎಂದರು. ಹೆರಾಲ್ಡ್ ಪಕ್ಕದಲ್ಲೇ ನಿಂತಿದ್ದರು.

"ಇಲ್ಲ ಸರ್," ಅಂದೆ, "ಇಲ್ಲಿ ಹಾಳಾಗಿರುವುದು ಇದೊಂದೇ. ಹಾಳಾದದ್ದು ನನ್ನ ಮನೆಯಲ್ಲಿ."

ಅಧಿಕಾರಿ ಅದನ್ನು ನನ್ನ ವಿನಯವೆಂದುಕೊಂಡು ಬೆನ್ನು ತಟ್ಟಿ ನಕ್ಕರು. ಸುತ್ತಲಿದ್ದವರೂ ನಕ್ಕರು. ಹೆರಾಲ್ಡ್ ನಗಲಿಲ್ಲ.

ಆಮೇಲೆ ನನ್ನ ಕೈಕೆಳಗೆ ಕಲಿತವರಿಗೆ ತೊಳೆಯಬಾರದೆಂಬ ಪಾಠ ಎರಡನೆಯದಾಯಿತು. ಮೊದಲನೆಯದು, ವಸ್ತು ಕೆಟ್ಟರೆ ಒಡೆಯ ಕೇಳುವ ಮೊದಲೇ ಹೇಳಿಬಿಡಿ ಎಂಬುದು. ತಡಮಾಡಿದರೆ ನಿಜ ಹೇಳಿದರೂ ಅದು ವಿನಯವೆನಿಸಿ, ಸಲ್ಲದ ಶಹಭಾಸ್‌ಗಿರಿ ಸಿಗುತ್ತದೆ, ಅದನ್ನು ಹೊತ್ತು ಮನೆಗೆ ಹೋಗಬೇಕಾಗುತ್ತದೆ.