ಕಡಲೆಕಾಳಿನಷ್ಟು ಹಿತ್ತಾಳೆ

ಯಾರಾದರೂ ಏನನ್ನಾದರೂ ಹುಡುಕುತ್ತಿದ್ದರೆ ನನ್ನಿಂದ ಸುಮ್ಮನೆ ನೋಡುತ್ತ ಕೂಡಲಾಗುವುದಿಲ್ಲ. ಬೀಗದ ಕೈಯಿರಲಿ, ಕನ್ನಡಕವಿರಲಿ, ಮದುವೆಮನೆಯಲ್ಲಿ ಒಂಟಿ ಚಪ್ಪಲಿಯಿರಲಿ, ಕಳೆದುಕೊಂಡವರಿಗಿಂತ ಮೊದಲು ನಾನೇ ನೆಲಕ್ಕೆ ಬಾಗಿರುತ್ತೇನೆ. ನೆಂಟರಿಷ್ಟರು ಇದನ್ನು ಪರೋಪಕಾರ ಬುದ್ಧಿಯೆಂದು ತಿಳಿದಿದ್ದಾರೆ. ನನ್ನ ಹೆಂಡತಿ ಮಾತ್ರ ಹಾಗೆ ತಿಳಿದಿಲ್ಲ, ಅವಳಿಗೆ ಕಾರಣ ಗೊತ್ತು. ಇಷ್ಟು ವರ್ಷವಾದ ಮೇಲೆ ನಿಮಗೂ ಹೇಳಿಬಿಡುವುದು ವಾಸಿ.

ನಿಜಾಮರ ಸರಕಾರದ ಕಾಲ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಲಿಂಗಸುಗೂರಿನಲ್ಲಿ ನಮಗೆ ಅದರ ಗುರುತೆಂದರೆ ಪೆಟ್ರೋಲು ಸಿಗುತ್ತಿರಲಿಲ್ಲ, ಅಷ್ಟೇ. ನಾನು ಅಲ್ಲಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಕಲಿಸುವುದು ಉರ್ದುವಿನಲ್ಲಿ, ಹುಡುಗರು ಯೋಚಿಸುವುದು ಕನ್ನಡದಲ್ಲಿ, ಉತ್ತರ ಮಾತ್ರ ಎರಡರಲ್ಲೂ ಬರುತ್ತಿರಲಿಲ್ಲ. ವರ್ಗವಾಗಿ ಬಂದು ಎರಡು ವರ್ಷವಾಗಿದ್ದರೂ ಊರಲ್ಲಿ ನನಗೆ ನಮಸ್ಕಾರ ಮಾಡುವವರಿದ್ದರೇ ಹೊರತು ಮಾತಾಡುವವರಿರಲಿಲ್ಲ. ಮಾಸ್ತರನೆಂದರೆ ಜನ ಒಂದು ಮಾರು ದೂರ ನಿಂತೇ ಗೌರವ ಕೊಡುತ್ತಾರೆ. ಶುಕ್ರವಾರ ಶಾಲೆಗೆ ಸೂಟಿ. ಆ ಒಂದು ದಿನ ನನಗೆ ಉಳಿದ ಆರು ದಿನಗಳಿಗಿಂತ ಉದ್ದವಾಗಿ ಕಾಣುತ್ತಿತ್ತು.

ಹೀಗಿದ್ದಾಗ ನನ್ನ ಕೈಗಡಿಯಾರ ನಿಂತುಹೋಗಿ ಇಬ್ಬರು ಸ್ನೇಹಿತರನ್ನು ತಂದುಕೊಟ್ಟಿತು. ಒಬ್ಬ ಖಾಸಿಂಸಾಬ. ಬಜಾರದ ಮೂಲೆಯಲ್ಲಿ ಬಾಗಿಲಿನಷ್ಟೇ ಅಗಲದ ಅಂಗಡಿಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವವ. ಇನ್ನೊಬ್ಬ ಮಸ್ಕಿಯ ಜವಳಿ ಅಂಗಡಿಯ ಬಸಣ್ಣ. ಅವನ ಗಡಿಯಾರವೂ ಅದೇ ದಿನ ರಿಪೇರಿಗೆ ಬಂದಿತ್ತು. ಬಸಣ್ಣನಿಗೆ ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹಟ್ಟಿಯಲ್ಲಿ ಗಣಿಯ ಹಳೇ ಬಂಗಲೆಯೊಂದರ ಹಿಂದೆ ಯಾವನೋ ಸಾಹೇಬ ಬಿಟ್ಟುಹೋದ ಸಣ್ಣ ಮೋಟಾರು ಸೈಕಲ್ಲೊಂದು ಬಿದ್ದಿದೆಯೆಂದೂ, ಅದರ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತಿದೆಯೆಂದೂ ಅವನೇ ಸುದ್ದಿ ತಂದ. ಮುಂದಿನ ವಾರ ಸುದ್ದಿಯ ಬದಲು ಗಾಡಿಯನ್ನೇ ತಂದ, ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು.

"ಮಾಸ್ತರ, ನಿಮ್ಮ ಮನ್ಯಾಗ ದನಾ ಇಲ್ಲ, ದನದ ಕೊಟ್ಟಿಗಿ ಐತಿ. ಇದನ್ನ ಅಲ್ಲೇ ಕಟ್ರಿ," ಎಂದ.

ಹಾಗೆ ಆ ಗಾಡಿ ನಮ್ಮ ಮನೆಗೆ ಬಂತು. ಶುಕ್ರವಾರ ನಮಾಜು ಮುಗಿಸಿ ಖಾಸಿಂಸಾಬ ಬರುತ್ತಿದ್ದ. ಮಸ್ಕಿಯಿಂದ ಯಾವುದಾದರೂ ಬಂಡಿ ಹತ್ತಿ ಬಸಣ್ಣ ಬರುತ್ತಿದ್ದ. ನನ್ನ ಹೆಂಡತಿ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣಿ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದು, ಚಹಾ ಕಾಸಿ ಕಳಿಸುತ್ತಿದ್ದಳು. ಸೀಮೆಎಣ್ಣೆಯಲ್ಲಿ ತುಕ್ಕು ತೊಳೆದೆವು. ಹೊಗೆ ಕೊಳವೆಯೊಳಗಿಂದ ಒಂದು ಗುಬ್ಬಿಗೂಡು, ಒಂದು ಹಲ್ಲಿಯ ಅಸ್ಥಿಪಂಜರ ಹೊರಬಂದವು. ಹರಿದ ಸೀಟಿಗೆ ಬಸಣ್ಣ ತನ್ನ ಅಂಗಡಿಯ ದಪ್ಪ ಬಟ್ಟೆ ಹೊಲಿಸಿಕೊಂಡು ಬಂದ. ಗಾಡಿಯ ಜೊತೆ ಸಿಕ್ಕಿದ್ದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ. ಅದರಲ್ಲಿ ಅರ್ಧ ನನಗೆ ತಿಳಿಯುತ್ತಿರಲಿಲ್ಲ. ತಿಳಿಯದ ಕಡೆ ಗಂಟಲು ಸರಿಮಾಡಿಕೊಂಡು ಏನಾದರೊಂದು ಅರ್ಥ ಹೇಳುತ್ತಿದ್ದೆ. ತಿಳಿದ ಕಡೆಗಳಲ್ಲೆಲ್ಲ "ತೊಂದರೆಯಿದ್ದರೆ ಹತ್ತಿರದ ನಮ್ಮ ಏಜೆಂಟರನ್ನು ಕಾಣಿರಿ" ಎಂದಿರುತ್ತಿತ್ತು.

ನಿಜವಾದ ಕೆಲಸ ಮಾಡಿದವ ಖಾಸಿಂಸಾಬ ಒಬ್ಬನೇ. ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲಿ ಇಡುತ್ತಿದ್ದ. ಗಡಿಯಾರದ ತಿರುಪಿನ ಮುಂದೆ ಮೋಟಾರು ಸೈಕಲ್ಲಿನ ತಿರುಪು ಅವನಿಗೆ ಕುಂಬಳಕಾಯಿ ಇದ್ದ ಹಾಗೆ. "ಇಪ್ಪತ್ತು ವರ್ಷ ಆತು ಮಾಸ್ತರ, ನನ್ನ ಕೈಯಾಗ ಒಂದು ತಿರುಪು ಕಳದಿಲ್ಲ. ಅಲ್ಲಾನ ದಯಾದಿಂದ ಕಣ್ಣು ಹಂಗ ಅದಾವ," ಎನ್ನುತ್ತಿದ್ದ. ಜಂಬದಿಂದಲ್ಲ, ಊರಲ್ಲಿ ಮಳೆಯಾಗಿದೆ ಎಂದು ಹೇಳುವ ಹಾಗೆ. ಕೆಲಸ ಮಾಡುತ್ತ ಊರಿನ ಗಡಿಯಾರಗಳ ಕತೆ ಹೇಳುತ್ತಿದ್ದ. ಬಸಣ್ಣ ನಡುನಡುವೆ ಸುಳ್ಳು ಸೇರಿಸುತ್ತಿದ್ದ. ನಾನು ನಗುತ್ತಿದ್ದೆ. ಅಷ್ಟು ನಕ್ಕದ್ದು ನನಗೆ ನೆನಪಿಲ್ಲ, ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.

ಏಳೆಂಟು ತಿಂಗಳಲ್ಲಿ ಗಾಡಿ ಮುಗಿಯುತ್ತ ಬಂತು. ಒಂದು ಶುಕ್ರವಾರ ಬಸಣ್ಣ ಕೈ ಒರೆಸಿಕೊಳ್ಳುತ್ತ, "ಬರೋ ಶುಕ್ರವಾರ ಇದನ್ನ ಹೊಡಕೊಂಡ ಮಸ್ಕಿಗೆ ಹೋಗ್ತೀನಿ. ಸಾಕಾತು ನಿಮ್ಮೂರಿಗೆ ಅಲದಾಡಿ," ಎಂದ. ಖಾಸಿಂಸಾಬನೂ ನಕ್ಕು, "ನಂದೂ ಅಂಗಡ್ಯಾಗ ಕೆಲಸ ಉಳದಾವ್ರೀ," ಎಂದ. ಇಬ್ಬರೂ ಕೈ ತೊಳೆಯಲು ಬಾವಿಯ ಕಡೆ ಹೋದರು.

ಬಿಳಿ ಬಟ್ಟೆಯ ಮೇಲೆ ಉಳಿದಿದ್ದು ನಾಲ್ಕೈದು ಭಾಗ. ಅದರಲ್ಲೊಂದು ಕಡಲೆಕಾಳಿನಷ್ಟು ಹಿತ್ತಾಳೆಯ ತುಣುಕು, ನಡುವೆ ಕೂದಲೆಳೆ ತೂರುವಷ್ಟು ತೂತು. ಎಂಜಿನ್ನಿಗೆ ಹೋಗುವ ಪೆಟ್ರೋಲೆಲ್ಲ ಆ ತೂತಿನಿಂದಲೇ ಹಾಯಬೇಕು. ಪುಸ್ತಕದಲ್ಲಿ ನನಗೆ ಸರಿಯಾಗಿ ಅರ್ಥವಾಗಿದ್ದ ಕೆಲವೇ ಸಂಗತಿಗಳಲ್ಲಿ ಅದೂ ಒಂದು. ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಒಂದೇ ವಾರದ ಮಟ್ಟಿಗೆ ಎಂದುಕೊಂಡಿದ್ದೆ. ಇನ್ನೊಂದು ಶುಕ್ರವಾರ ಸಿಕ್ಕರೆ ಸಾಕಾಗಿತ್ತು ನನಗೆ. ಆಮೇಲೆ ತಮಾಷೆ ಮಾಡಿದೆನೆಂದು ಹೇಳಿ ಕೊಟ್ಟರಾಯಿತು ಎಂದುಕೊಂಡಿದ್ದೆ.

ಖಾಸಿಂಸಾಬ ಬಂದು ಕೂತ. ಬಟ್ಟೆ ನೋಡಿದ. ಬಟ್ಟೆಯ ಕೆಳಗೆ ನೋಡಿದ. ತನ್ನ ಅಂಗಿ ಝಾಡಿಸಿದ. ಅವನ ಮುಖ ನೋಡಿದ ಆ ಗಳಿಗೆಯಲ್ಲೇ ನಾನು ನಕ್ಕು ಕೊಟ್ಟುಬಿಡಬೇಕಿತ್ತು. ಆದರೆ ಅದು ತಮಾಷೆಗೆ ಎಡೆಯಿರುವ ಮುಖವಾಗಿರಲಿಲ್ಲ. ಮಸೀದಿಯ ಮೆಟ್ಟಿಲ ಮೇಲಿನ ಗದ್ದಲದಲ್ಲಿ ಮಗುವಿನ ಕೈ ತಪ್ಪಿಸಿಕೊಂಡವನ ಮುಖವಾಗಿತ್ತು. ಅವನು ನನ್ನ ಹೆಂಡತಿಯ ಹತ್ತಿರ ಜರಡಿ ಕೇಳಿದ. ಅವಳು ಹಿಟ್ಟಿನ ಜರಡಿಯನ್ನೇ ಕೊಟ್ಟಳು. ಕೊಟ್ಟಿಗೆಯ ನೆಲದ ಮಣ್ಣನ್ನು ಗೇಣು ಗೇಣಾಗಿ ಕೆರೆದು ಜರಡಿ ಹಿಡಿದ. ನಾನೂ ಅವನ ಜೊತೆ ಮಂಡಿಯೂರಿ ಹುಡುಕಿದೆ. ಏನನ್ನು ಹುಡುಕುತ್ತಿದ್ದೆನೋ!

ನಮ್ಮ ಹಳೆಯ ಶಾಸ್ತ್ರಕಾರರಲ್ಲಿ ಅನುಪಲಬ್ಧಿ ಎಂಬ ಮಾತಿದೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ, ಅಲ್ಲಿ ಗಡಿಗೆಯಿಲ್ಲ ಎಂದು ತಿಳಿಯಬೇಕಂತೆ. ಕಾಣದಿರುವುದೂ ಒಂದು ಬಗೆಯ ತಿಳಿವಳಿಕೆಯೇ. ಎಷ್ಟು ಸಮಾಧಾನದ ಮಾತು! ಆದರೆ ಶಾಸ್ತ್ರ ಓದದ ಖಾಸಿಂಸಾಬ ಬೇರೆಯೇ ತೀರ್ಮಾನಕ್ಕೆ ಬಂದ. ಗಡಿಗೆ ಅಲ್ಲೇ ಇದೆ, ಇಲ್ಲದಿರುವುದು ತನ್ನ ಕಣ್ಣು. ಪಂಡಿತರ ಗಡಿಗೆಯನ್ನು ಪಂಡಿತರೇ ಜೇಬಿಗೆ ಹಾಕಿಕೊಂಡಿದ್ದರೆ ಏನಾಗುತ್ತದೆಂದು ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ.

ಒಂದು ವಾರದ ಬದಲು ಐದು ವಾರವಾಯಿತು. ನನಗೆ ಬೇಕಿದ್ದ ಶುಕ್ರವಾರಗಳು ಬಂದವು, ಅವುಗಳಲ್ಲಿ ನಗುವಿರಲಿಲ್ಲ. ಖಾಸಿಂಸಾಬ ಬಜ್ಜಿ ಮುಟ್ಟುತ್ತಿರಲಿಲ್ಲ. ಶುಕ್ರವಾರವಲ್ಲದ ದಿನವೂ ಬಂದು ಕೊಟ್ಟಿಗೆಯ ಗೋಡೆಯ ಬುಡ ತಡವಿ ಹೋಗುತ್ತಿದ್ದ. ಒಮ್ಮೆ ನನ್ನ ಹೆಂಡತಿಯಿಂದ ಸೂಜಿ ದಾರ ಇಸಿದುಕೊಂಡು ಬೆಳಕಿಗೆ ಹಿಡಿದು ಪೋಣಿಸಿ ನೋಡಿದ. ದಾರ ತೂತಿನ ಪಕ್ಕಕ್ಕೆ ಜಾರಿತು. ಬಸಣ್ಣ ಅಕ್ಕಸಾಲಿಗನಿಂದ ಅಂಥದೇ ಒಂದು ಮಾಡಿಸಿಕೊಂಡು, ಎಲ್ಲಿಂದಲೋ ಎರಡು ಸೀಸೆ ಪೆಟ್ರೋಲೂ ಹೊಂದಿಸಿಕೊಂಡು ಬಂದ. ತೂತು ದೊಡ್ಡದಾಗಿ ಎಂಜಿನ್ನು ಹೊಗೆ ಕಾರಿ ಸತ್ತಿತು. ಹಿತ್ತಾಳೆಯ ತುಣುಕು ಈ ನಡುವೆ ನನ್ನ ಸೀಮೆಸುಣ್ಣದ ಡಬ್ಬಿಗೆ ಸೇರಿತ್ತು. ಶಾಲೆಗೆ ಹೋಗುವಾಗ ಅದು ಡಬ್ಬಿಯಲ್ಲಿ ಕಿಣಿಕಿಣಿ ಅನ್ನುತ್ತಿತ್ತು. ಆ ಡಬ್ಬಿ ಹಿಡಿದ ಕೈಯಿಂದಲೇ, ಸುಳ್ಳು ಹೇಳಿದ ಹುಡುಗರ ಕಿವಿ ಹಿಂಡುತ್ತಿದ್ದೆ.

ಕಡೆಗೆ ತಡೆಯಲಾರದೆ, ಆರನೆಯ ಶುಕ್ರವಾರ ಬೆಳಿಗ್ಗೆ ಅದನ್ನು ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಗೋದಲಿಯ ಬುಡದಲ್ಲಿ ಮಣ್ಣಿಗೆ ಒತ್ತಿಟ್ಟೆ. ಮಧ್ಯಾಹ್ನ ಇಬ್ಬರೂ ಬಂದ ಮೇಲೆ, ಅಲ್ಲಿ ಬಗ್ಗಿ, "ಅರೆ, ಸಿಕ್ತು ನೋಡ್ರಿ!" ಎಂದೆ. ನನ್ನ ದನಿ ನನಗೇ ನಾಟಕದ್ದೆನಿಸಿತು. ಬಸಣ್ಣ ಕುಣಿದೇ ಬಿಟ್ಟ. ಖಾಸಿಂಸಾಬ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದ.

"ಎಲ್ಲಿತ್ರೀ?"

"ಇಲ್ಲೇ. ಗೋದಲಿ ಬುಡಕ."

"ಅಲ್ಲಿ ನಾ ಮೂರು ಸಲ ನೋಡೀನಿ ಮಾಸ್ತರ," ಎಂದ ಮೆಲ್ಲಗೆ. "ಜರಡೀನೂ ಹಿಡದೀನಿ. ನನಗ ಕಾಣಲಿಲ್ಲ."

ಕೊಟ್ಟರೆ ಸರಿಹೋಗುತ್ತದೆಂದು ತಿಳಿದಿದ್ದೆ. ತನ್ನ ಕಣ್ಣಿನ ಮೇಲೆ ಅವನಿಗಿದ್ದ ಅನುಮಾನವನ್ನು, ಕೊಟ್ಟ ರೀತಿಯಿಂದಲೇ ನಾನು ಮೊಳೆ ಹೊಡೆದು ಗಟ್ಟಿಮಾಡಿದ್ದೆ.

ಅಂದು ಗಾಡಿ ಶುರುವಾಯಿತು. ಆ ಸದ್ದಿಗೆ ಓಣಿಯ ಜನವೆಲ್ಲ ಸೇರಿತು. ಬಸಣ್ಣ ಗುರುಗುಂಟಾದ ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬಂದ. ನಾನು ಹಿಂದೆ ಕೂತು ಕಣ್ಣು ಮುಚ್ಚಿಕೊಂಡಿದ್ದೆ, ಜನ ಅದನ್ನು ಭಯವೆಂದು ತಿಳಿದರು. "ಏ ಖಾಸಿಂ, ಬಾರಪಾ, ನೀ ಹೊಡಿ. ಇದು ನಿಂದೇ ಗಾಡಿ," ಎಂದು ಬಸಣ್ಣ ಎಷ್ಟು ಕರೆದರೂ ಖಾಸಿಂಸಾಬ ಹತ್ತಲಿಲ್ಲ. "ಎದುರಿಗೆ ಎತ್ತು ಬಂದ್ರ ಕಾಣಬೇಕಲ್ಲಪಾ," ಎಂದು ನಕ್ಕ.

ಹದಿನೈದು ದಿನದಲ್ಲಿ ಅವನು ಎಲ್ಲರ ಗಡಿಯಾರಗಳನ್ನೂ ಮನೆಮನೆಗೆ ಹೋಗಿ ಹಿಂತಿರುಗಿಸಿ ಅಂಗಡಿ ಮುಚ್ಚಿದ. "ಮಂದಿ ಸಾಮಾನು. ಕಣ್ಣು ಕಾಣದವ ಮುಟ್ಟಬಾರದು," ಎಂದ. ಸಿಂಧನೂರಿನಲ್ಲಿ ಅವನ ಹೆಂಡತಿಯ ಅಣ್ಣನ ಇದ್ದಿಲಿನ ಅಂಗಡಿಯಿತ್ತು, ಅಲ್ಲಿಗೆ ಹೊರಟ. ಬೀಳ್ಕೊಡಲು ನಾನು ಬಂಡಿಯ ಹಿಂದೆ ಊರ ಹೊರಗಿನವರೆಗೆ ನಡೆದೆ. ಹೇಳಲು ಅಷ್ಟು ದಾರಿಯಿತ್ತು. ಮಳೆಬೆಳೆಯ ಮಾತಾಡಿದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವನ ಸಿಟ್ಟಿಗೆ ಹೆದರಿದೆನೆಂದರೆ ಮರ್ಯಾದೆಯಾದರೂ ಉಳಿದೀತು. ನಿಜ ಸಂಗತಿ ಅದಕ್ಕಿಂತ ಸಣ್ಣದು. "ನೀವು ಬರದಿದ್ದರೆ ನನಗೆ ಬೇಜಾರಾಗುತ್ತಿತ್ತು" ಎಂದು ಒಬ್ಬ ಮೀಸೆ ಹೊತ್ತ ಗಂಡಸು ಇನ್ನೊಬ್ಬನಿಗೆ ಹೇಳುವುದು ಹೇಗೆ? ಕಳ್ಳತನಕ್ಕಿಂತ ಆ ಮಾತೇ ನನಗೆ ನಾಚಿಕೆಯದೆನಿಸಿತ್ತು.

ಮೂರು ವರ್ಷ ಕಳೆದವು. ಬಸಣ್ಣನ ಗಾಡಿ ಪೆಟ್ರೋಲಿಲ್ಲದೆ ಮಸ್ಕಿಯ ಅಂಗಡಿಯ ಹಿಂದೆ ನಿಂತಿತು. ಅವನು ಮತ್ತೆ ಬಂಡಿ ಹತ್ತಿದ, ಆದರೆ ನಮ್ಮ ಮನೆಗೆ ಬರಲಿಲ್ಲ, ಕೆಲಸವಿರಲಿಲ್ಲವಲ್ಲ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ತಟ್ಟೆಗೆ ರೊಟ್ಟಿ ಹಾಕುವುದನ್ನು ನಿಲ್ಲಿಸಿ, "ನಾಳೆ ಶುಕ್ರವಾರ ಐತಿ. ಸಿಂಧನೂರಿಗೆ ಬಸ್ಸು ಐತಿ," ಎಂದಳು.

ಆಗ ಬಸ್ಸುಗಳು ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ನಮ್ಮ ಬಸ್ಸು ಬೆನ್ನಿಗೆ ಒಲೆ ಕಟ್ಟಿಕೊಂಡು ಕೆಮ್ಮುತ್ತ ಮಸ್ಕಿ ದಾಟಿ ಸಿಂಧನೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಸ್ಸು ನಿಂತದ್ದೇ ಇದ್ದಿಲಿನ ಅಂಗಡಿಯ ಮುಂದೆ, ಅದರ ಮೇವು ಅಲ್ಲೇ ಇತ್ತಲ್ಲ! ಖಾಸಿಂಸಾಬ ಮೊಣಕೈವರೆಗೆ ಕಪ್ಪಾಗಿದ್ದ. ನನ್ನನ್ನು ಕಂಡು ಓಡಿಬಂದ, ಅಪ್ಪಿಕೊಳ್ಳಲು ಹೋಗಿ ನನ್ನ ಬಿಳಿ ಅಂಗಿ ನೋಡಿ ತಡೆದ. ಒಳಗೆ ಕರೆದೊಯ್ದು ಚಾಪೆ ಹಾಸಿದ. ಚಹಾ ಬರುವ ಮೊದಲೇ ನಾನು ಹೇಳಿ ಮುಗಿಸಿದೆ, ಜೇಬು, ಡಬ್ಬಿ, ಗೋದಲಿ, ಎಲ್ಲ.

ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಹಂಗಾರ," ಎಂದ ಅವನು, "ಆವಾಗ ನನ್ನ ಕಣ್ಣು ನೆಟ್ಟಗಿದ್ವು?"

"ನೆಟ್ಟಗಿದ್ವು."

"ನಾ ನೋಡಿದಾಗ ಅಲ್ಲಿ ಇರಲೇ ಇಲ್ಲ?"

"ಇರಲಿಲ್ಲ ಖಾಸಿಂಸಾಬ."

ಅವನ ಮುಖ ಅರಳಿತು. ಆ ಅರಳಿದ ಮುಖವನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದು ಸುಲಭವಿತ್ತು. ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ: "ಕೇಳಿದೇನ? ನನ್ನ ಕಣ್ಣಿಗೆ ಏನೂ ಆಗಿದ್ದಿಲ್ಲಂತ! ಮಾಸ್ತರ, ಇನ್ನೊಮ್ಮೆ ಹೇಳ್ರಿ, ಈಕೀನೂ ಕೇಳಲಿ." ಪರದೆಯ ಆಚೆ ನಿಂತ ಆಕೆಗೆ ಹೇಳಿದೆ. ಆಮೇಲೆ ಆಕೆಯ ಅಣ್ಣ ಬಂದ, ಅವನಿಗೂ ಹೇಳಿಸಿದ. ಇದ್ದಿಲು ತುಂಬಿಕೊಳ್ಳಲು ಬಂದ ಬಸ್ಸಿನ ಡ್ರೈವರನನ್ನೂ ಬಿಡಲಿಲ್ಲ. ತಪ್ಪನ್ನು ಒಂದು ಸಲ ಒಪ್ಪಿಕೊಂಡರೆ ಮುಗಿಯಿತೆಂದು ತಿಳಿದಿದ್ದೆ. ಆ ಮಧ್ಯಾಹ್ನ ನಾಲ್ಕು ಸಲ ಒಪ್ಪಿಕೊಂಡೆ, ಪ್ರತಿ ಸಲವೂ ಅವನು ಹೊಸದಾಗಿ ಕೇಳುವವನಂತೆ ತಲೆಯಾಡಿಸಿದ.

"ಮತ್ತ ಅಂಗಡಿ ತೆಗೀರಿ. ಲಿಂಗಸುಗೂರಿಗೆ ಬಂದುಬಿಡ್ರಿ," ಎಂದೆ.

ಅವನು ತನ್ನ ಕೈಗಳನ್ನು ತಿರುವಿ ನೋಡಿಕೊಂಡ. ಬೆರಳುಗಳು ದಪ್ಪಗಾಗಿ ಬಿರಿದಿದ್ದವು. "ಕಣ್ಣು ಇದ್ವು ಮಾಸ್ತರ. ಇವು ಹೋದ್ವು," ಎಂದ. ದೂರುವ ದನಿಯಾಗಿರಲಿಲ್ಲ.

ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತೆ. ಅವನು ಕೆಳಗೆ ನಿಂತು, ಬಹಳ ಹೊತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಆಡಿದ: "ಅಲ್ರೀ, ಸುಮ್ನ ಬಾ ಅಂದಿದ್ರ ಬರ್ತಿದ್ನಲ್ರೀ. ಅದಕ್ಕ ಮೋಟಾರು ಯಾಕ ಬೇಕಿತ್ತು?"

ಇಂಥ ಮಾತಿನ ಮೇಲೆ ಬಸ್ಸು ಹೊರಟುಬಿಡಬೇಕು. ಇದ್ದಿಲ ಬಸ್ಸು ಹಾಗೆ ಹೊರಡುವುದಿಲ್ಲ. ಒಲೆ ಹೊತ್ತಬೇಕು, ಕ್ಲೀನರ್ ಹಿಂದೆ ನಿಂತು ಗಾಳಿಚಕ್ರ ತಿರುಗಿಸಬೇಕು, ಗ್ಯಾಸು ಏರಬೇಕು. ನಾನು ಕಿಟಕಿಯಲ್ಲಿ, ಅವನು ಕೆಳಗೆ, ನಡುವೆ ಎರಡು ಮೊಳ. ಹೊಗೆ ನಮ್ಮಿಬ್ಬರ ಮೂಗಿಗೂ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಖಾಸಿಂಸಾಬ, "ಬರ್ರಿ, ಇನ್ನೊಂದು ಚಹಾ ಕುಡಿಯೋಣು," ಎಂದ.

ಮರುದಿನ ಶಾಲೆಯಿತ್ತು. ಆದರೂ ಇಳಿದೆ. ಬಸ್ಸು ಯಾವಾಗ ಹೋಯಿತೋ ನಮಗೆ ಗೊತ್ತಾಗಲಿಲ್ಲ.